ಕಾರ್ಬನ್ ಎತ್ತಿದ ಬಿಎಸ್ಸಿ

ನಮ್ಮ ವಂಶದಲ್ಲಿ ಬಿಎಸ್ಸಿ ಪಾಸು ಮಾಡಿದವರಲ್ಲಿ ನಾನೇ ಮೊದಲಿಗ. ಪಾಸಾದದ್ದು ಮಾತ್ರ ಎರಡನೇ ಸಲಕ್ಕೆ. ಮೊದಲ ಸಲ ಫಿಸಿಕ್ಸ್ ನನ್ನನ್ನು ಒಪ್ಪಿರಲಿಲ್ಲ. ಈ ಎರಡನೇ ಮಾತನ್ನು ಆ ಕಾಲದಲ್ಲಿ ಯಾರು ಕೇಳಿದರೂ ಹೇಳುತ್ತಿರಲಿಲ್ಲ. ಮೊದಲನೇ ಮಾತನ್ನು ಕೇಳದವರಿಗೂ ಹೇಳುತ್ತಿದ್ದೆ.

ಅಪ್ಪ ಕುಕ್ಕುವಾಡದಿಂದ ದಾವಣಗೆರೆಗೆ ಬಂದು ಹತ್ತಿ ಮಂಡಿಯಲ್ಲಿ ಹಮಾಲಿ ಮಾಡಿದವನು. ಹತ್ತಿ ಅಂಡಿಗೆ ಹೊತ್ತು ಹೊತ್ತು ಅವನಿಗೆ ಇದ್ದದ್ದು ಒಂದೇ ಹಟ: ಮಗ ಭಾರ ಎತ್ತಬಾರದು. ಮನೆಯಲ್ಲಿ ನಾನು ನೀರಿನ ಕೊಡ ಮುಟ್ಟಿದರೂ, "ಇಡಲೇ ಕೆಳಗೆ, ಪುಸ್ತಕ ಹಿಡಿ" ಅನ್ನುತ್ತಿದ್ದ. ಹಿಟ್ಟಿನ ಗಿರಣಿಗೆ ಜೋಳದ ಬುಟ್ಟಿಯನ್ನು ಅವ್ವ ಹೊತ್ತು ಹೋಗುತ್ತಿದ್ದಳು, ನಾನು ಹಿಂದೆ ಕೈಬೀಸಿಕೊಂಡು ರಾಜಕುಮಾರನಂತೆ ನಡೆಯುತ್ತಿದ್ದೆ. ನೋಡಿದವರು ಉಗಿಯುತ್ತಿದ್ದರು. ಅಪ್ಪನಿಗೆ ಅದರ ಪರಿವೆ ಇರಲಿಲ್ಲ. ಹೀಗಾಗಿ ಇಪ್ಪತ್ತಮೂರು ವರ್ಷದಲ್ಲಿ ನಾನು ಎತ್ತಿದ ಅತಿ ದೊಡ್ಡ ಭಾರ ಅಂದರೆ ಇಂಗ್ಲಿಷ್ ಡಿಕ್ಷನರಿ.

ಅರವತ್ತರ ದಶಕದ ನಡುವಿನಲ್ಲಿ ನನಗೆ ಕೆಲಸ ಸಿಕ್ಕಿದ್ದು ಹರಿಹರದಲ್ಲಿ, ಹೊಳೆ ಕಡೆ ಇಳಿಯುವ ರಸ್ತೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಒಂದು ಕುಲುಮೆ, ಎರಡು ಲೇತು, ಮೂಲೆಯಲ್ಲಿ ಒಂದು ಮೇಜು, ಒಂದು ಕುರ್ಚಿ. ಆ ಕುರ್ಚಿ ನನ್ನದು. ಬಂದ ಕಾಗದ ಓದುವುದು, ಉತ್ತರ ಬರೆಯುವುದು, ಕೆಳಗೆ ಹೆಸರಿನ ಮುಂದೆ ಬಿ.ಎಸ್ಸಿ. ಅಂತ ಸಹಿ ಹಾಕುವುದು. ಆರು ತಿಂಗಳು ನೋಡಿ ಕಾಯಂ ಮಾಡುತ್ತೇನೆ ಅಂದಿದ್ದರು ಮಾಲೀಕರು. ನಮ್ಮ ಮನೆತನದಲ್ಲಿ ಸಂಬಳಕ್ಕೆ ಅಂತ ಕುರ್ಚಿಯ ಮೇಲೆ ಕೂತವರು ಯಾರೂ ಇರಲಿಲ್ಲ. ಅಪ್ಪ ಒಂದು ದಿನ ರೈಲು ಹತ್ತಿ ಬಂದು, ಬಾಗಿಲಲ್ಲೇ ನಿಂತು, ನೋಡಿಕೊಂಡು ಹೋದ. ನನ್ನನ್ನಲ್ಲ, ಕುರ್ಚಿಯನ್ನು.

ಕುಲುಮೆ ನೋಡಿಕೊಳ್ಳುತ್ತಿದ್ದವರು ಒಬ್ಬ ಮುಸಲ್ಮಾನ ಹಿರಿಯರು. ಎಲ್ಲರಿಗೂ ಅವರು ಚಾಚಾ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ತೊಡಿಸುವುದರಲ್ಲಿ ಹೆಸರಾದವರು. ಮೊಳಕಾಲು ಹಿಡಿದುಕೊಂಡು ಕೂರುವುದೇ ಕಷ್ಟವಾಗಿದ್ದ ವಯಸ್ಸು, ಆದರೆ ಸುತ್ತಿಗೆ ಕೈಗೆ ಬಂದರೆ ನೋವು ಮರೆತು ಎದ್ದು ನಿಲ್ಲುತ್ತಿದ್ದರು.

ನಾಲ್ಕನೇ ತಿಂಗಳಲ್ಲಿ ದಕ್ಷಿಣದ ಕಡೆಯ ಒಂದು ಅಲ್ಯೂಮಿನಿಯಂ ಕಾರ್ಖಾನೆಯಿಂದ ಕಾಗದ ಬಂತು. ಅದಿರಿನ ಪುಡಿಯನ್ನು ಕರಗಿಸಿ ಅಲ್ಯೂಮಿನಿಯಂ ತೆಗೆಯುವ ಕಾರ್ಖಾನೆ. ಅಲ್ಲಿ ಕಾರ್ಬನ್ ರಾಡುಗಳನ್ನು ಎತ್ತುವುದಕ್ಕೆ ಕೈ ಇಕ್ಕಳ ಬೇಕು, ಮಾದರಿ ಒಂದು ಮಾಡಿ ತಂದು ತೋರಿಸಿ, ಒಪ್ಪಿಗೆಯಾದರೆ ಇನ್ನೂರು ಮಾಡಿಸುತ್ತೇವೆ ಅಂತ. ನಕ್ಷೆ ಲಗತ್ತಿಸಿದೆ ಎಂದೂ ಇತ್ತು. ಲಕೋಟೆಯನ್ನು ಬೋರಲು ಮಾಡಿ ಬಡಿದರೂ ನಕ್ಷೆ ಬೀಳಲಿಲ್ಲ.

"ನಕ್ಷೆ ಇಲ್ಲಲ್ರೀ ಗ್ರಾಜುಯೇಟ್ರೇ. ಕಳಿಸ್ರಿ ಅಂತ ಒಂದು ಕಾಗದ ಹಾಕ್ರಿ," ಅಂದರು ಮಾಲೀಕರು.

"ಅದೇನು ಬೇಕಾಗಿಲ್ಲ ಸಾರ್. ಕಾರ್ಬನ್ ರಾಡ್ ಅಂದ್ರೆ ನಂಗೊತ್ತು. ಕಾಲೇಜಿನಾಗ ದಿನಾ ಹಿಡಿದೀವಿ."

ಸುಳ್ಳೇನಲ್ಲ. ಪ್ರಾಕ್ಟಿಕಲ್ಲಿನಲ್ಲಿ ಟಾರ್ಚಿನ ಸೆಲ್ಲು ಬಿಚ್ಚಿ ನೋಡಿದ್ದೆ. ನಡುವೆ ಕರ್ರಗೆ ಒಂದು ಕಡ್ಡಿ ಇರುತ್ತದಲ್ಲ, ಅದೇ ಕಾರ್ಬನ್ ರಾಡು. ಆದರೂ ವಿಜ್ಞಾನಿ ಎಂದ ಮೇಲೆ ಎರಡನೇ ಸಾಕ್ಷಿ ಬೇಕು. ದಾವಣಗೆರೆಯ ಒಂದು ಟಾಕೀಸಿನ ಮಿಷನ್ ರೂಮಿಗೆ ಹೋದೆ. ಆಗೆಲ್ಲ ಪರದೆಗೆ ಬೆಳಕು ಬೀಳುತ್ತಿದ್ದದ್ದು ಎರಡು ಕಾರ್ಬನ್ ಕಡ್ಡಿಗಳ ನಡುವೆ ಹೊತ್ತುವ ಕಿಡಿಯಿಂದ. ಆಪರೇಟರು ಉರಿದು ಉಳಿದ ಒಂದು ತುಂಡು ಕೊಟ್ಟ. ಅದೂ ಬೆರಳುದ್ದ. ಎರಡು ಸಾಕ್ಷಿ ಸಿಕ್ಕ ಮೇಲೆ ಇನ್ನೇನು? ಅಳತೆ ಹಾಕಿ, ಮೂರು ಬಣ್ಣದ ಇಂಕಿನಲ್ಲಿ ನಕ್ಷೆ ನಾನೇ ಬರೆದು, ಚಾಚಾರ ಮುಂದೆ ಇಟ್ಟೆ.

ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಎಷ್ಟು ಭಾರ ಬೇಟಾ ಅದು?"

"ಭಾರ ಎಲ್ಲಿ ಬಂತು ಚಾಚಾ. ಪೆನ್ಸಿಲ್ ಇದ್ದಂಗೆ."

"ಪೆನ್ಸಿಲ್ ಎತ್ತಾಕೆ ಇನ್ನೂರು ಇಕ್ಕಳ? ಆ ಕಾರ್ಖಾನೆಯೋರಿಗೆ ಕೈಬೆರಳು ಇಲ್ಲೇನು?"

"ಬಿಸಿ ಇರ್ತೈತೆ ಚಾಚಾ, ಬಿಸಿ! ನಿಮಗೆ ಅದೆಲ್ಲ ಹೇಳಿದ್ರೆ ತಿಳಿಯಲ್ಲ."

"ಹೌದು ಬಿಡು. ನೀನು ಓದಿದೋನು," ಅಂದರು. ಕುಡಿದವನಿಗೆ "ನೀನೇ ಸರಿ, ನಡಿ" ಅನ್ನುತ್ತಾರಲ್ಲ, ಆ ದನಿಯಲ್ಲಿ.

ಇಕ್ಕಳ ಚೆಂದವಾಗಿಯೇ ಬಂತು. ಒಂದೂವರೆ ಗೇಣು ಉದ್ದ, ಕನ್ನಡಿಯಂತೆ ಹೊಳಪು. ಮೊದಲು ಮಾಡಿದ ಕಚ್ಚಾ ಮಾದರಿಯನ್ನು ಮನೆಗೆ ಒಯ್ದಿದ್ದೆ. ಅವ್ವ ಅದರಲ್ಲಿ ಒಲೆಯ ಕೆಂಡ ಎತ್ತಿ, "ಚಲೋ ಐತೆ ನನ್ನಪ್ಪಾ" ಅಂದಳು. ಅಲ್ಲಿಗಾದರೂ ನನಗೆ ಹೊಳೆಯಬೇಕಿತ್ತು.

ಯಾರದೋ ಕೋಟು, ಯಾರದೋ ವಾಚು ತೊಟ್ಟು, ಬೆಂಗಳೂರಲ್ಲಿ ರೈಲು ಬದಲಿಸಿ ಹೋದೆ. ಕಾರ್ಖಾನೆಯಲ್ಲಿ ಆಫೀಸಿನವರು ನನ್ನನ್ನು ಕರಗಿಸುವ ಶೆಡ್ಡಿನ ಮೇಸ್ತ್ರಿಗೆ ಒಪ್ಪಿಸಿದರು. ಕೊಳ್ಳೇಗಾಲದ ಕಡೆಯವನು, ಕನ್ನಡ ಬರುತ್ತಿತ್ತು. ಶೆಡ್ಡಿನೊಳಗೆ ಕಾಲಿಟ್ಟರೆ ಉದ್ದಕ್ಕೂ ಕಬ್ಬಿಣದ ದೊಡ್ಡ ದೊಡ್ಡ ತೊಟ್ಟಿಗಳು, ಒಳಗೆ ಕುದಿಯುವ ಕೆಂಪು ಗಂಜಿ, ಮುಖ ಸುಡುವ ಸೆಕೆ. ಅಲ್ಲಿಯ ಕರೆಂಟಿನ ಕಾಂತ ಎಷ್ಟು ಜೋರು ಅಂದರೆ ಸಾಲದ ವಾಚು ಹತ್ತು ಹೆಜ್ಜೆಯೊಳಗೆ ನಿಂತುಹೋಯಿತು.

"ತೋರ್ಸಿ ಸ್ವಾಮಿ ನಿಮ್ ಇಕ್ಳ," ಅಂದ ಮೇಸ್ತ್ರಿ.

ಪೇಪರು ಬಿಚ್ಚಿ ಕೊಟ್ಟೆ. ಅವನು ಇಕ್ಕಳ ನೋಡಿದ, ನನ್ನನ್ನು ನೋಡಿದ, ಆಮೇಲೆ ಪಕ್ಕಕ್ಕೆ ನೋಡಿದ. ನಾನೂ ನೋಡಿದೆ. ಗೋಡೆಗುಂಟ ಕರಿ ಕಂಬಗಳನ್ನು ಸಾಲಾಗಿ ನಿಲ್ಲಿಸಿದ್ದರು. ಒಂದೊಂದೂ ನನ್ನ ತೊಡೆಗಿಂತ ದಪ್ಪ, ಸೊಂಟದ ಮಟ್ಟ ಎತ್ತರ, ಅರ್ಧ ಚೀಲ ಜೋಳದಷ್ಟು ಭಾರ. ತೊಟ್ಟಿಯೊಳಕ್ಕೆ ಇಳಿಬಿಟ್ಟು ಕರೆಂಟು ಹಾಯಿಸುವ ಕಾರ್ಬನ್ ರಾಡು ಅಂದರೆ ಅದು.

"ಮೂಗಿನ ಕೂದ್ಲು ಕೀಳಕ್ಕೆ ಚೆನ್ನಾಗದೆ," ಅಂದ ಮೇಸ್ತ್ರಿ. ಅಷ್ಟೇ ಅಲ್ಲ, ಕಿತ್ತೂ ತೋರಿಸಿದ. ಸುತ್ತ ನಿಂತವರು ತಮಿಳಿನಲ್ಲಿ ಏನೇನೋ ಅಂದು ಬಿದ್ದು ಬಿದ್ದು ನಕ್ಕರು. ತಮಿಳು ನನಗೆ ಬರುವುದಿಲ್ಲ. ಆವತ್ತು ಅದರ ಅಗತ್ಯವೂ ಬೀಳಲಿಲ್ಲ.

ಆದರೆ ಮೇಸ್ತ್ರಿ ಕೆಟ್ಟವನಲ್ಲ. ಮೂರು ವಾರ ಬಿಟ್ಟು ಸರಿಯಾದದ್ದು ಮಾಡಿಕೊಂಡು ಬಾ ಅಂದ. ಅಳತೆಗೆ ಇರಲಿ ಅಂತ ಮುರಿದ ಅರ್ಧ ರಾಡೊಂದನ್ನು ಗೋಣಿಯಲ್ಲಿ ಸುತ್ತಿಸಿ ಕೊಟ್ಟ. "ಒಂದ್ ಮಾತು ತಿಳ್ಕೊಳಿ ಸ್ವಾಮಿ. ಇಲ್ಲಿ ಇಕ್ಳ ತಂದೋರೇ ಮೊದ್ಲು ಎತ್ ತೋರಿಸ್ಬೇಕು. ಒಂದು ಹಿಡಿ ನೀವು, ಒಂದು ಹಿಡಿ ನಾನು. ಯಾವನೋ ಒಬ್ಬ ಬರೀ ಕಾಗದ ತೋರ್ಸಿ ಹೋದ, ಅವನ ಇಕ್ಳ ಜಾರಿ ನಮ್ಮೋನ ಪಾದ ಹೋಯ್ತು. ಅವತ್ತಿಂದ ಇದೇ ರೂಲು."

ದಾವಣಗೆರೆ ಸ್ಟೇಷನ್ನಿನಲ್ಲಿ ಆ ಗೋಣಿಗಂಟನ್ನು ರೈಲಿನಿಂದ ಇಳಿಸಲಾಗದೆ ಒದ್ದಾಡುವಾಗ ಅಪ್ಪನ ಗೆಳೆಯನಾದ ಒಬ್ಬ ಹಮಾಲಿ ಗುರುತು ಹಿಡಿದು ಹೊತ್ತು ಮನೆಗೆ ತಂದ. ದಾರಿಯುದ್ದಕ್ಕೂ, "ಬಿಎಸ್ಸಿ ಮಗ ಮದ್ರಾಸ್ ಸೀಮೆಯಿಂದ ಇದ್ದಲಿ ತಂದಾನೆ" ಅಂತ ಡಂಗುರ. ಕೋಟಂತೂ ಕೋಟಾಗಿ ಉಳಿದಿರಲಿಲ್ಲ.

ಮರುದಿನ ಮಾಲೀಕರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ಮೂರು ವಾರ. ಈ ಸಲ ಇಕ್ಕಳ ವಾಪಸ್ ಬಂತೋ, ನೀವೂ ಮನಿಗೆ ವಾಪಸ್. ಎತ್ತಾಕೂ ನೀವೇ ಹೋಗ್ರಿ. ನಕ್ಷೆ ಬೇಕಾಗಿಲ್ಲ ಅಂದಿದ್ದು ಯಾರು?"

ಚಾಚಾರ ಮುಂದೆ ನಿಂತು ತಪ್ಪಾಯಿತು ಅಂದೆ. ಅವರು ಆ ಅರ್ಧ ಕಂಬವನ್ನು ತಟ್ಟಿ ನೋಡಿ, ಮೂಸಿ ನೋಡಿ, "ನಿನ್ನ ಪೆನ್ಸಿಲ್ಲು ಬಾಳ ದೊಡ್ಡ ಮನುಷಾ ಬರೆಯೋದು" ಅಂದರು. ಅಷ್ಟಕ್ಕೇ ಬಿಟ್ಟರು. ಆಮೇಲೆ ನಾಲ್ಕು ದಿನ ಕುಲುಮೆ ಆರಲಿಲ್ಲ. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಹಗ್ಗ ಎಳೆದಷ್ಟೂ ಕಚ್ಚಿಕೊಳ್ಳುವುದಿಲ್ಲವೇ, ಹಾಗೆ ಇದೂ ಎತ್ತಿದಷ್ಟೂ ಬಿಗಿಯಬೇಕು, ಇಳಿಸಿದ ಕೂಡಲೇ ಬಿಡಬೇಕು ಅನ್ನುವುದು ಅವರ ಲೆಕ್ಕ. ಇಬ್ಬರು ಹಿಡಿಯುವ ಉದ್ದ ಹಿಡಿಗಳು, ನಡುವೆ ಕತ್ತರಿಯಂಥ ಕೀಲು, ಕೆಳಗೆ ಬಾಗಿದ ಎರಡು ದವಡೆ. ಜಾರದಿರಲಿ ಅಂತ ದವಡೆಗೆ ಹಲ್ಲು ಕೊರೆಸೋಣ ಅಂದೆ ನಾನು. ಕೊರೆಸಿದ ಹಲ್ಲಿಗೆ ಕಾರ್ಬನ್ನು ಹಪ್ಪಳದಂತೆ ಚಕ್ಕೆ ಎದ್ದಿತು.

"ಇದು ಮಡಿಕೆ ಜಾತಿ ಬೇಟಾ. ಹಿಡಿದಂಗೂ ಇರಬೇಕು, ಕಚ್ಚಿದಂಗೂ ಇರಬಾರದು," ಅಂತ ಚಾಚಾ ಹಲ್ಲನ್ನೆಲ್ಲ ತಟ್ಟಿ ಅಳಿಸಿ ದವಡೆಯನ್ನು ಅಂಗೈಯಷ್ಟು ಅಗಲ ಮಾಡಿದರು. ನಾನು ಬಾಯಿ ಮುಚ್ಚಿಕೊಂಡು ತಿದಿ ಒತ್ತಿದೆ.

ಇಕ್ಕಳ ಆಯಿತು. ಎತ್ತುವವನು ಆಗಲಿಲ್ಲ. ಸುತ್ತಿಗೆ ಹೊಡೆಯುವವನೊಬ್ಬನ ಜೊತೆ ಆ ಅರ್ಧ ತುಂಡನ್ನು ಎತ್ತಲು ಹೋಗಿ ಸೊಂಟ ಹಿಡಿದು ಅಲ್ಲೇ ಕೂತೆ. ಅರ್ಧಕ್ಕೇ ಹೀಗಾದರೆ ಇಡೀ ರಾಡು ಬಂದಾಗ? ಬೇರೆ ದಾರಿ ಇರಲಿಲ್ಲ. ಇಕ್ಕಳವನ್ನೂ ತುಂಡನ್ನೂ ದಾವಣಗೆರೆ ಮನೆಗೆ ತಂದು ಅಪ್ಪನಿಗೆ ಎಲ್ಲ ಹೇಳಿದೆ.

ಅಪ್ಪ ಎಲೆಅಡಿಕೆ ಮೆಲ್ಲುವುದನ್ನು ನಿಲ್ಲಿಸಿದ. "ಎತ್ತದಿದ್ರೆ?"

"ಕುರ್ಚಿ ಹೋಗ್ತೈತೆ."

ಅಪ್ಪ ಬಾಯಲ್ಲಿದ್ದ ಎಲೆ ಉಗುಳಿದ. ಆಮೇಲೆ ಎದ್ದು ಅಂಗಿ ಕಳಚಿ ಹಿತ್ತಲಿಗೆ ನಡೆದ. ಅವ್ವ ಒಳಗಿಂದಲೇ ಶುರು ಮಾಡಿದಳು: "ನಿಮಗೇನು ಬುದ್ಧಿ ಐತೇನ್ರಿ? ಕೊಡ ಎತ್ತಾಕೆ ಬಿಡದೋರು ಈಗ ಕಂಬ ಎತ್ತಸ್ತೀರಾ?" ಅಪ್ಪ ಇಕ್ಕಳದ ದವಡೆಯನ್ನು ತುಂಡಿಗೆ ಹಾಕಿದ.

ಒಂದು ಹಿಡಿ ಅವನು ಹಿಡಿದ, ಒಂದು ನಾನು. "ಕೈಲಿ ಎತ್ತಬ್ಯಾಡಲೇ, ಕಾಲಿಂದ ಎತ್ತು. ಬೆನ್ನು ಯಾಕ ಬಗ್ಗಸ್ತೀ, ದೇವರಿಗೆ ಅಡ್ಡಬೀಳ್ತೀಯೇನು? ಮೊಳಕಾಲು ಮಡಚು. ನೆಲ ನೋಡಬ್ಯಾಡ, ನನ್ನ ಹೊಟ್ಟಿ ನೋಡು."

"ಹೊಟ್ಟೆ ಯಾಕೆ?"

"ಎದುರಿಗಿರೋನು ಬಾಯಿಲೆ ಹೂಂ ಅಂದಿರ್ತಾನೆ, ಇನ್ನೂ ಎತ್ತಿರಲ್ಲ. ಹೊಟ್ಟಿ ಒಳಗೆ ಹೋತು ಅಂದ್ರೆ ಎತ್ತಿದ ಅಂತ. ಅವಾಗ ನೀನು ಎತ್ತು. ಒಂದು ಉಸಿರು ಮುಂದಾದ್ರೂ ಭಾರೆಲ್ಲ ನಿನ್ನ ಮ್ಯಾಲೆ."

ಇದು ಯಾವ ಫಿಸಿಕ್ಸ್ ಪುಸ್ತಕದಲ್ಲೂ ಇರಲಿಲ್ಲ. ಇದ್ದಿದ್ದರೆ ಮೊದಲ ಸಲಕ್ಕೇ ಪಾಸಾಗುತ್ತಿದ್ದೆನೋ ಏನೋ.

ಪಕ್ಕದ ಮನೆಯವನು ಗೋಡೆಯ ಮೇಲಿಂದ ಇಣುಕಿ, "ಏನಪ್ಪಾ, ಮಗನ್ನೂ ಮಂಡಿಗೆ ಹಾಕ್ತೀಯೇನು?" ಅಂದ.

"ಕಾಲೇಜಿನಾಗ ಇದೊಂದು ಪಾಠ ಬಿಟ್ಟುಬಿಟ್ಟಿದ್ರಂತೆ. ನೀನೂ ಬಾ, ನಿಂದೆಲ್ಲಾ ಪಾಠಾನೂ ಬಾಕಿ ಐತೆ," ಅಂದ ಅಪ್ಪ.

ಹತ್ತು ದಿನ ಹೀಗೆ ನಡೆಯಿತು. ತುಂಡಿನ ಜೊತೆಗೆ ಕಲ್ಲು ಕಟ್ಟಿ ಭಾರ ಏರಿಸಿದ. ಹನ್ನೊಂದನೇ ದಿನ ನಾನು ನಡಿಗೆಯಲ್ಲಿ ಅವನಿಗೆ ಹೆಜ್ಜೆ ಕೂಡಿಸಿ, ಒಂದು ಸಲವೂ ತೊಡರದೆ, ಹಿತ್ತಲನ್ನು ನಾಲ್ಕು ಸುತ್ತು ಹಾಕಿದೆ. ಶಹಬ್ಬಾಸ್ ಅನ್ನುತ್ತಾನೆ ಅಂದುಕೊಂಡಿದ್ದೆ. ಅಪ್ಪ ಭಾರ ಇಳಿಸಿ, "ಸಾಕು. ಇನ್ನು ಕಲಿತರೆ ಚಲೋ ಹಮಾಲಿ ಆಗಿಬಿಡ್ತೀ," ಅಂದು ಕಲ್ಲನ್ನೆಲ್ಲ ಬಿಚ್ಚಿ ಗೋಡೆಯಾಚೆ ಎಸೆದ.

ಕಾರ್ಖಾನೆಯಲ್ಲಿ ಈ ಸಲ ಕೋಟು ಇರಲಿಲ್ಲ. ಮೇಸ್ತ್ರಿ ಇಕ್ಕಳವನ್ನು ತೂಗಿ ನೋಡಿದ. ಇಡೀ ರಾಡಿಗೆ ದವಡೆ ಹಾಕಿ ಇಬ್ಬರೂ ಮೊಳಕಾಲು ಮಡಚಿದೆವು. ನೋಡಲು ಮೂವತ್ತು ಜನ ಸೇರಿದ್ದರು, ಮೊದಲ ಸಲ ನಕ್ಕವರಲ್ಲಿ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. "ಹೂಂ," ಅಂದ ಮೇಸ್ತ್ರಿ. ನಾನು ಅಲುಗಲಿಲ್ಲ. ಅವನ ಹೊಟ್ಟೆ ಇನ್ನೂ ಅಂಗಿಯ ಗುಂಡಿ ಎಳೆದುಕೊಂಡು ಹೊರಗೇ ಇತ್ತು. ಅದು ಒಳಗೆ ಹೋಯಿತು; ಎತ್ತಿದೆ. ಕಿರ್ ಅಂತ ದವಡೆ ಬಿಗಿಯಿತು. ಗೋಡೆಯಿಂದ ತೊಟ್ಟಿಯವರೆಗೆ ಇಪ್ಪತ್ತು ಹೆಜ್ಜೆ. ಕಣ್ಣೊಳಗೆ ಬೆವರು ಇಳಿಯುತ್ತಿತ್ತು, ಒರೆಸಲು ಮೂರನೇ ಕೈ ಇರಲಿಲ್ಲ. ಇಳಿಸಿದೆವು. ದವಡೆ ತಾನಾಗಿ ಬಿಚ್ಚಿತು. ರಾಡಿನ ಮೈಯ ಮೇಲೆ ಒಂದು ಚಕ್ಕೆಯೂ ಎದ್ದಿರಲಿಲ್ಲ.

"ಕಾಗದದಲ್ಲಿ ಬಿಎಸ್ಸಿ ಅಂತ ಇತ್ತು," ಅಂದ ಮೇಸ್ತ್ರಿ ನನ್ನ ಕಾಲನ್ನೇ ನೋಡುತ್ತ. "ಈ ಎತ್ತೋದ್ನ ಎಲ್ಲಿ ಕಲ್ತ್ರಿ?"

"ನಮ್ಮಪ್ಪ ಹಮಾಲಿ," ಅಂದೆ. ಅದುವರೆಗೆ ಆಫೀಸಿನ ಯಾವ ಮನುಷ್ಯನಿಗೂ ನಾನು ಆ ಮಾತು ಹೇಳಿರಲಿಲ್ಲ.

ಇನ್ನೂರು ಇಕ್ಕಳದ ಆರ್ಡರು ಬಂತು. ನಾನು ಕಾಯಂ ಆದೆ. ಕಾಯಂ ಮಾಡಿದ ದಿನವೇ ಮಾಲೀಕರು ಷರಾ ಬರೆದರು: ಇನ್ನು ಮುಂದೆ ಎಲ್ಲೇ ಮಾದರಿ ಪರೀಕ್ಷೆ ಇದ್ದರೂ ಎತ್ತಿ ತೋರಿಸಲು ಗ್ರಾಜುಯೇಟರೇ ಹೋಗತಕ್ಕದ್ದು.

ಮನೆಗೆ ಬಂದು ಸುದ್ದಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: "ಎತ್ತೋದೂ ಕಾಯಂ ಆತೇನು?"

"ಇಲ್ಲಪ್ಪ. ಅದು ಅದೊಂದೇ ಸಲ."

ಮುಂದಿನ ತಿಂಗಳು ಇನ್ನೊಂದು ಕಾರ್ಖಾನೆಗೆ ಹೊರಟಾಗ ಮೀಟಿಂಗ್ ಐತೆ ಅಂದೆ. ಅದರ ಮುಂದಿನ ಸಲವೂ ಮೀಟಿಂಗೇ. ವರ್ಷಕ್ಕೆ ಐದಾರು ಮೀಟಿಂಗ್ ಆಗತೊಡಗಿದವು. ಅಪ್ಪ ಒಮ್ಮೆಯೂ ಹೆಚ್ಚಿಗೆ ವಿಚಾರಿಸಲಿಲ್ಲ. ಒಂದು ಸಲ ಮಾತ್ರ, ನಾನು ಇಂಥದೊಂದು ಮೀಟಿಂಗಿನಿಂದ ಬಂದು ಹೊಸಲು ದಾಟಲು ಕಾಲೆತ್ತುವಾಗ ಬಾಗಿಲು ಹಿಡಿದದ್ದನ್ನು ನೋಡಿ, ಒಳಗೆ ಅವ್ವನಿಗೆ ಕೂಗಿ ಹೇಳಿದ:

"ನೀರು ಕಾಸೇ. ಬಾಳ ಬಿಸಿ ಇರಲಿ. ನಿನ್ನ ಮಗ ದೊಡ್ಡ ಮೀಟಿಂಗ್ ಮಾಡಿ ಬಂದಾನೆ."