ಮಚ್ಚೇಂದ್ರ ಮುಚ್ಚಿದ ಕಣ್ಣು

ಘಾಟಬೋರಾಳದ ಮಚ್ಚೇಂದ್ರ ಡ್ರಮ್ಮಿನ ಮುಂದೆ ಕೂತು ಕಣ್ಣು ಮುಚ್ಚಿದನೆಂದರೆ ಇಡೀ ಹುಮನಾಬಾದ ತಾಲ್ಲೂಕಿನಲ್ಲಿ ಗಾಳಿಯೂ ಅಪ್ಪಣೆ ಕೇಳಿ ಬೀಸುತ್ತಿತ್ತು. ಎಮ್ಮೆಗಳು ಮೆಲುಕು ನಿಲ್ಲಿಸುತ್ತಿದ್ದವು. ಬೀದರ್ ಬಸ್ಸಿನ ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತ ಉದಾಹರಣೆಯೂ ಉಂಟು. ಋಷಿಗಳು ತಪಸ್ಸಿಗೆ ಕಾಡು ಹುಡುಕಿಕೊಂಡು ಹೋದರು. ಈತನಿಗೆ ಎರಡು ಸ್ಪೀಕರುಗಳ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಸಾಕಾಗಿತ್ತು. ಮುಚ್ಚಿದ ಕಣ್ಣಲ್ಲೇ ಕೋಲೆತ್ತುತ್ತಿದ್ದ. ತಾಳ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ಒಂದೇ ಒಂದು ಸಲ ತಪ್ಪಿತು. ಅದರಿಂದ ಬ್ಯಾಂಡ್ ಒಡೆಯಿತು, ಎರಡು ಪುಸ್ತಕಗಳು ಹುಟ್ಟಿದವು.

‘ಕೆಮ್ಮಣ್ಣು’ ಹುಮನಾಬಾದಿನ ರಾಕ್ ಬ್ಯಾಂಡ್. ಗಿಟಾರು ಸತೀಶಕುಮಾರನದು, ಕಂಠ ಆಮ್ರಪಾಲಿಯದು. ಏಳು ವರ್ಷದ ಹಿಂದೆ ಬಸವಕಲ್ಯಾಣದ ಮೈದಾನವೊಂದರಲ್ಲಿ ಒಂದು ಸಂಜೆ ಆಮ್ರಪಾಲಿ ವಾದ್ಯಗಳನ್ನೆಲ್ಲ ನಿಲ್ಲಿಸಿ ಒಬ್ಬಳೇ ಆಲಾಪ ಎತ್ತಿದಳು. ಅದು ಮುಗಿದ ಕ್ಷಣ ಡ್ರಮ್ಮು ಗುಡುಗಬೇಕು. ಗುಡುಗಲಿಲ್ಲ. ಹಿಂದಿನಿಂದ ಯಾರೋ ನಕ್ಕರು. ಆಕೆ ಮೈಕು ಕೆಳಗಿಟ್ಟು ವೇದಿಕೆಯಿಂದ ಇಳಿದವಳು ಮತ್ತೆ ಹತ್ತಲಿಲ್ಲ.

ಬ್ಯಾಂಡಿನ ಪರವಾಗಿ ಸತೀಶ ಬರೆದ ಆತ್ಮಕಥೆ ಈ ಮೌನಕ್ಕೆ ಒಂದಿಡೀ ಅಧ್ಯಾಯ ಕೊಟ್ಟಿದೆ: ಗಾಯಕಿಯ ಅಹಂಕಾರ ಮಿತಿಮೀರಿತು, ಮಚ್ಚೇಂದ್ರ ಕೋಲಿಳಿಸಿ ಸತ್ಯಾಗ್ರಹ ಹೂಡಿದ. ಗಾಯಕಿಯ ಆತ್ಮಕಥೆ ಹದಿನಾರು ಪುಟ ಕೊಟ್ಟಿದೆ: ಸತೀಶ ಹುಬ್ಬಿನಲ್ಲೇ ಸನ್ನೆ ಮಾಡಿದ, ಪಾಪದ ಮಚ್ಚೇಂದ್ರ ಕಣ್ಣೀರು ತಡೆಯಲು ಕಣ್ಣು ಮುಚ್ಚಿದ. ಮಿಕ್ಕಂತೆ ಎರಡೂ ಪುಸ್ತಕಗಳದು ಒಂದೇ ಮಾತು. ಕೊಡಂಬಲದಲ್ಲಿ ಊಟಕ್ಕೆ ಹಾಕಿದ ಝುಣಕದ ಖಾರ ಕೂಡ ಎರಡರಲ್ಲೂ ಅಷ್ಟೇ ಇದೆ.

ಕಳೆದ ಭಾನುವಾರ ಹುಮನಾಬಾದಿನ ವಾಚನಾಲಯದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಚರ್ಚೆ ನಡೆಯಿತು. ಬರೆದವರಿಬ್ಬರೂ ಬಂದು ನಡುವೆ ಮೂರು ಕುರ್ಚಿ ಖಾಲಿ ಬಿಟ್ಟು ಕೂತರು. ನಿರ್ಣಾದಿಂದ ಬಂದ ಅಭಿಮಾನಿಯೊಬ್ಬರು ಎದ್ದು, “ಮತ್ತ ಕೂಡಿ ಹಾಡ್ರಿ” ಎಂದರು.

“ಹಾಡ್ತೀನ್ರಿ. ಜಗಳಾಡಿ ಜಗಳಾಡಿ ನಂಗೂ ಸಾಕಾಗ್ಯಾದ,” ಎಂದಳು ಆಮ್ರಪಾಲಿ. “ಆದ್ರ ಅವತ್ತ ಇವ ಸನ್ನಿ ಮಾಡಿದ್ದು ಖರೆ ಇದ್ರ, ಈ ಜನ್ಮದಾಗ ಇವನ ಬಾಜೂಕ ನಿಲ್ಲಂಗಿಲ್ಲ.”

“ನನ್ನ ಹುಬ್ಬೇನು ರೇಲ್ವೆ ಸಿಗ್ನಲ್ಲಾ?” ಎಂದ ಸತೀಶ. “ನೀ ‘ಆ’ ಅಂತ ಬಾಯಿ ತೆಗೆದಾಗ ಹೋದ ಬಸ್ಸು ಕಲಬುರ್ಗಿ ಮುಟ್ಟಿ ವಾಪಸ್ ಬಂತು.”

“ನಿನ್ನ ಗಿಟಾರ್ ಸುರ್ ಹಚ್ಚೋದ್ರಾಗ ಎರಡು ಬಸ್ ಹೋಗ್ತಿದ್ವು. ಅದನ್ನ ಯಾಕ ಬರೀಲಿಲ್ಲೋ?”

ವಾಚನಾಲಯದ ರತ್ನಮಾಲಾ ಮೆಲ್ಲಗೆ ಕೇಳಿದರು: “ಮಚ್ಚೇಂದ್ರಣ್ಣಗ ಕೇಳೀರೇನ್ರಿ?”

ಇಬ್ಬರೂ ಕೇಳಿರಲಿಲ್ಲ. ಬಸವಕಲ್ಯಾಣದಲ್ಲಿ ಅವತ್ತೇ ಆತ ಹೇಳಲು ಬಾಯಿ ತೆರೆದಿದ್ದ. ಸತೀಶ ಬೆನ್ನು ಚಪ್ಪರಿಸಿ, “ಹೇಳಬ್ಯಾಡ ದೋಸ್ತ, ತಿಳೀತು” ಅಂದಿದ್ದ. ಆಮ್ರಪಾಲಿ ಕಣ್ಣೊರೆಸಿಕೊಂಡು, “ಹೇಳಬ್ಯಾಡ ಅಣ್ಣಾ, ತಿಳೀತು” ಅಂದಿದ್ದಳು. ಆತ ಬಾಯಿ ಮುಚ್ಚಿದ. ಅವರು ಪುಸ್ತಕ ಬರೆದರು.

ನಮ್ಮ ಮಹಾಮೌನಿ ಕೊನೆಯ ಸಾಲಿನಲ್ಲಿದ್ದ. ದಾಲ್ ಮಿಲ್ಲಿನಲ್ಲಿ ತೊಗರಿ ಮೂಟೆ ಹೊತ್ತು ನೆಟ್ಟಗೆ ಇಲ್ಲಿಗೆ ಬಂದವನ ಹುಬ್ಬಿನ ಮೇಲೆ ಇನ್ನೂ ಬೇಳೆಯ ಧೂಳಿತ್ತು. ಗದ್ದ ಎದೆಗೆ ಇಳಿದಿತ್ತು. ಹೆಂಡತಿ ಸೋನುಬಾಯಿ ಮೊಣಕೈಯಿಂದ ತಿವಿದಳು. “ಏಳ್ರಿ, ನಿಮ್ಮನ್ನೇ ಕೇಳಾಕತ್ತಾರ.”

ಎದ್ದ. ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡ. ಸತೀಶನ ಕೈ ತಾನಾಗಿ ತನ್ನ ಹುಬ್ಬು ಮುಟ್ಟಿ ನೋಡಿಕೊಂಡಿತು. ಆಮ್ರಪಾಲಿ ತನ್ನ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಳು.

“ಯಾರ ಸನ್ನೀನೂ ಇಲ್ಲ ತಂಗಿ,” ಎಂದ ಮಚ್ಚೇಂದ್ರ. “ಎರಡು ಪಾಳಿ ಮೂಟಿ ಹೊತ್ತು ಬಂದಿದ್ದೆ. ನಿನ್ನ ಆಲಾಪ ಭಾಳ ಚೊಲೋ ಇತ್ತು. ಕುಂತಲ್ಲೇ ನಿದ್ದಿ ಹತ್ತಿತು.”