ಅಯ್ಯನವರ ಕಾಲಿಗೆ ಶಾಕಪ್ಪಿನ ಎಣ್ಣೆ

ನನಗಿಂತ ನನ್ನ ಕಾಲಿಗೆ ಮರ್ಯಾದೆ ಹೆಚ್ಚು. ನಮ್ಮದು ಅಯ್ಯನವರ ಮನೆತನ. ಉದಗೀರದಿಂದ ನಿಲಂಗಾ, ಉಮರ್ಗಾವರೆಗೂ ಹಂಚಿಹೋದ ಭಕ್ತರ ಮನೆಗಳಿಗೆ ನಾನು ಮೋಟಾರ್‌ಸೈಕಲ್ ಮೇಲೆ ಹೋಗುತ್ತೇನೆ. ಮಣೆ ಹಾಕಿ ಕೂರಿಸುತ್ತಾರೆ, ಕಾಲು ತೊಳೆಯುತ್ತಾರೆ, ಆ ನೀರನ್ನು ಪಾದೋದಕವೆಂದು ಕಣ್ಣಿಗೊತ್ತಿಕೊಂಡು ಕುಡಿಯುತ್ತಾರೆ. ಅದೇ ಕಾಲನ್ನು ನನ್ನ ಹೆಂಡತಿ ಒರೆಸಿದ ನೆಲದ ಮೇಲೆ ಇಡಗೊಡುವುದಿಲ್ಲ.

ಮೊದಲು ನೋಡಿದ್ದೂ ಆಕೆಯೇ. ಪಡಸಾಲೆಯ ತುಂಬ ಎಣ್ಣೆಯ ಹೆಜ್ಜೆ, ಅದೂ ಬಲಗಾಲಿನದು ಮಾತ್ರ.

"ಒಂದ ಕಾಲಿನ ದೆವ್ವ ಹೊಕ್ಕದ ನೋಡ್ರಿ ಮನ್ಯಾಗ," ಅಂದಳು.

ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಕೊಳವೆಗಳಿಗೆ ನಮ್ಮ ಕಡೆ ಶಾಕಪ್ ಅನ್ನುತ್ತಾರೆ. ಬಲಗಡೆಯದರಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲು ಹರಿದಿತ್ತು. ಒಳಗಿನ ಎಣ್ಣೆ ಸೋರಿ, ಗಾಳಿಗೆ ಹಾರಿ, ನೇರ ನನ್ನ ಪಾದಕ್ಕೆ ಅಭಿಷೇಕವಾಗುತ್ತಿತ್ತು.

ಬೇರೆ ಸಮಯವಾಗಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ಬರುವ ಸೋಮವಾರ ವಲಾಂಡಿಯ ಭಕ್ತೆ ಆಯಿಯ ಮನೆಗೆ ಹೋಗಬೇಕಿತ್ತು. ಶ್ರಾವಣ ಸೋಮವಾರ ಆ ಮುದುಕಿ ಪಾದೋದಕ ಬಾಯಿಗೆ ಬೀಳುವವರೆಗೆ ಹನಿ ನೀರೂ ಮುಟ್ಟುವವರಲ್ಲ. ಸಕ್ಕರೆ ಕಾಯಿಲೆ ಬೇರೆ. ಊಟ ತಡವಾದರೆ ಕೈ ನಡುಗುತ್ತದೆ, ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಖಾಲಿ ಹೊಟ್ಟೆಯ ಆ ಜೀವಕ್ಕೆ ನಾನು ಗಾಡಿ ಎಣ್ಣೆ ಕುಡಿಸುವ ಹಾಗಿರಲಿಲ್ಲ.

ಮೆಕ್ಯಾನಿಕ್‌ನನ್ನು ಕೇಳಿದರೆ "ಸೋಮವಾರ ಆದ ಮ್ಯಾಲ ಬರ್ರಿ" ಅಂದ. ನನಗೆ ಸಿಟ್ಟು ಬೇಗ. ಇಷ್ಟೊಂದು ಮಂತ್ರ ಬಾಯಿಪಾಠ ಮಾಡಿದವನಿಗೆ ಮೊಬೈಲಿನ ಒಂದು ವಿಡಿಯೊ ಯಾವ ಲೆಕ್ಕ ಅಂದುಕೊಂಡು ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವನು ಸೀಲು ಕೊಟ್ಟು, ಎರಡು ಡಬ್ಬಿ ಎಣ್ಣೆ ಮುಂದಿಟ್ಟ.

"ಮಹಾರಾಜ, ಪಾತಳ ಪಾಹಿಜೆ ಕೀ ಘಟ್ಟ?" ತೆಳ್ಳಗಿನದು ಬೇಕೋ, ಮಂದವಾದದ್ದೋ.

"ಕಂಪನಿಯವರು ಯಾವ್ದ ಹಾಕ್ತಾರ?"

"ಪಾತಳ. ಎಷ್ಟ ಹಾಕಬೇಕಂತ ಗಾಡಿ ಬುಕ್ಕಿನ್ಯಾಗ ಬರ್ದಿರ್ತದ ನೋಡ್ರಿ."

ನಿಲಂಗಾ ರಸ್ತೆಯ ಗುಂಡಿಗಳನ್ನು ಕಂಪನಿಯವರು ಎಲ್ಲಿ ಕಂಡಾರು? ಭಕ್ತರ ಮನೆಯ ಹೋಳಿಗೆ ತಿಂದು ಬೆಳೆದ ನನ್ನ ಹೊಟ್ಟೆಯ ಭಾರ ಅವರಿಗೇನು ಗೊತ್ತು? ಮಂದದ್ದನ್ನೇ ತಂದೆ.

ಅಂಗಳದಲ್ಲಿ ಗಾಡಿಯಡಿ ಕಲ್ಲು ಕೊಟ್ಟು ಚಕ್ರ ಬಿಚ್ಚಿದೆ. ಶಾಕಪ್ ಎರಡನ್ನೂ ಎಳೆದು ಬಗ್ಗಿಸಿದರೆ ಹುಣಸೆ ನೀರಿನಂಥ ಕಪ್ಪು ಎಣ್ಣೆ ಸುರಿಯಿತು. ಕೊಳವೆ, ಸ್ಪ್ರಿಂಗು ಎಲ್ಲ ಡೀಸೆಲ್ಲಿನಲ್ಲಿ ತೊಳೆದೆ. ಪೆಟ್ಟು ನೇರ ತಾಗದಂತೆ ಹೊಸ ಸೀಲಿನ ಮೇಲೆ ಹಳೆಯದನ್ನಿಟ್ಟು ಸುತ್ತಲೂ ಸಮನಾಗಿ ಬಡಿದು ಕೂರಿಸಿದೆ. ಅದನ್ನು ಮಾತ್ರ ಸರಿಯಾಗಿ ಮಾಡಿದೆ, ಅಷ್ಟಾದರೂ ಹೇಳಿಕೊಳ್ಳುತ್ತೇನೆ. ಕೆಟ್ಟದ್ದು ಎಣ್ಣೆ ಹಾಕುವಾಗ. ದೇವರ ದೀಪಕ್ಕೆ ಎಣ್ಣೆ ಅಳೆದು ಹಾಕಬಾರದು ಎನ್ನುವ ಮನೆಯಲ್ಲಿ ಬೆಳೆದ ಕೈ ನನ್ನದು. ಬುಕ್ಕಿನ ಅಳತೆ ಮುಗಿದಿದ್ದರೂ, ಇರಲಿ, ಕಡಿಮೆ ಬೀಳಬಾರದು ಅಂತ ಮತ್ತಷ್ಟು ಸುರಿದೆ. ಒಳಗೆ ಗಾಳಿಗೂ ಒಂದಿಷ್ಟು ಜಾಗ ಬೇಕು ಅನ್ನುವುದು ಈ ಪಂಡಿತನಿಗೆ ಹೊಳೆಯಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು, "ಗಾಡಿಗಿ ಹಾಕ್ಲಿಕತ್ತೀರೋ, ಲಿಂಗಕ್ಕ ಹಾಕ್ಲಿಕತ್ತೀರೋ?" ಅಂತ ಕೇಳಿ ಒಳಗೆ ಹೋದಳು.

ಸೋಮವಾರ ಹೊರಟರೆ ಗಾಡಿಯ ಮುಂಭಾಗ ಒನಕೆಯಂತೆ ಸೆಟೆದಿತ್ತು. ಸಣ್ಣ ಕಲ್ಲು ಸಿಕ್ಕರೂ ಹಲ್ಲು ಕಟಕಟ ಅನ್ನುತ್ತಿದ್ದವು. ರಿಪೇರಿ ಗಟ್ಟಿಯಾಗಿದೆ ಅಂತ ನಾನು ಹಿಗ್ಗಿದೆ. ವಲಾಂಡಿ ಹತ್ತಿರ ಒಂದು ಗುಂಡಿಗೆ ಧಡ್ಡನೆ ಇಳಿದೆ. ಒಳಗೆ ಜಾಗವಿಲ್ಲದ ಎಣ್ಣೆ ಎರಡೂ ಕಡೆಯ ಸೀಲು ಒದ್ದುಕೊಂಡು ಹೊರಬಂದದ್ದು ಆಗಲೇ ಇರಬೇಕು. ನಾನು ಮಾತ್ರ ಪಂಜೆ ಝಾಡಿಸಿ, ಕಾಲ ಕಡೆ ನೋಡದೆ, ಗತ್ತಿನಿಂದ ಹೋಗಿ ಮಣೆಯ ಮೇಲೆ ಕೂತೆ.

ಆಯಿ ನನ್ನ ಪಾದಗಳನ್ನು ಹಿತ್ತಾಳೆಯ ಅಗಲ ಪರಾತದಲ್ಲಿಟ್ಟು ನೀರು ಬಿಟ್ಟರು. ನೀರಿನ ಮೇಲೆ ಹಸಿರು, ನೇರಳೆ ಬಣ್ಣ ಹರಡಿತು. ಆಯಿಯ ಕಣ್ಣು ಮಂಜು. ನಡುಗುವ ಬೊಗಸೆಯಲ್ಲಿ ಆ ನೀರೆತ್ತಿ ಕಣ್ಣಿಗೊತ್ತಿಕೊಂಡರು. ಅದು ಬಾಯಿಗೆ ಹೋಗುವಷ್ಟರಲ್ಲಿ ನಾನು ಬಾಗಿ ಅವರ ಕೈ ಹಿಡಿದೆ.

"ಕುಡೀಬ್ಯಾಡ್ರಿ ಆಯಿ. ಗಾಡಿ ಎಣ್ಣಿ ಅದ. ನಾನಽ ರಿಪೇರಿ ಮಾಡೀನಿ."

ಪಕ್ಕದಲ್ಲಿ ನಿಂತಿದ್ದ ಆಯಿಯ ಸೊಸೆ ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಇವತ್ತ ಹಂಗೇ ಊಟ ಮಾಡಿಬಿಡ್ರಿ," ಅಂದೆ.

"ಪಾದೋದಕ ಇಲ್ದ ನಾ ತುತ್ತ ಎತ್ತಂಗಿಲ್ರಿ ಅಯ್ಯನೋರ."

"ಹಂಗಾದ್ರ ಸಬಕಾರ ಕೊಡ್ರಿ, ನಾನಽ ತೊಳಕೊಂಡ ಬರ್ತೀನಿ."

"ನಿಮ್ಮ ಕಾಲ ನೀವ ತೊಳಕೊಂಡ್ರ ಅದ್ಯಾತರ ಪೂಜಿ? ಸುಮ್ಮ ಕೂಡ್ರಿ."

ಸೊಸೆಯಿಂದ ಪಾತ್ರೆ ತಿಕ್ಕುವ ಪುಡಿ, ತೆಂಗಿನ ನಾರು ತರಿಸಿದರು. ತಿಕ್ಕಿದರು ನೋಡಿ: ಬೆರಳ ಸಂದಿ, ಹಿಮ್ಮಡಿಯ ಬಿರುಕು, ಉಗುರಿನಡಿ. ಕಚಗುಳಿಯಾಗಿ ಕಾಲೆಳೆದುಕೊಂಡರೆ ಮೊಣಕಾಲಿಗೆ ಒಂದು ಏಟು ಬಿತ್ತು. ಅವ್ವ ತೀರಿಕೊಂಡ ಮೇಲೆ ನನ್ನ ಕಾಲನ್ನು ಯಾರೂ ಹೀಗೆ ಉಜ್ಜಿರಲಿಲ್ಲ. ನಾಚಿಕೆಯ ಜೊತೆಗೆ ಅಳುವೂ ಬಂತು. ಆಯಿಯ ಕೈ ಜೋರಾಗಿ ನಡುಗುತ್ತಿತ್ತು, ಆದರೂ ಬಿಡಲಿಲ್ಲ.

ಪರಾತ ಬೆಳಗಿ, ನನ್ನ ಕಾಲನ್ನು ಮತ್ತೆ ಅದರಲ್ಲಿಟ್ಟು ಹೊಸ ನೀರು ಬಿಟ್ಟರು. ತಳ ನಿಚ್ಚಳ ಕಂಡಿತು. ಬೊಗಸೆ ಎತ್ತಿ ಕುಡಿದರು. ಸೊಸೆ ತಾಟು ತಂದಿಟ್ಟಳು.

"ಇಷ್ಟ ವರ್ಷ ನಿಮ್ಮ ಕಾಲಿಗಿ ನೀರ ಹಾಕ್ತಿದ್ದೆ ಅಯ್ಯನೋರ," ಅಂದರು ಆಯಿ, ರೊಟ್ಟಿ ಮುರಿಯುತ್ತ. "ತೊಳದದ್ದ ಇವತ್ತ."