ಹದಿನೈದು ರೊಟ್ಟಿಯ ಗುಡ್ಡ

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಎಷ್ಟು ಜೋರಾಗಿ ಓಡುತ್ತಿದ್ದೆ ಎಂದು ಅಳೆದದ್ದು ಗಡಿಯಾರವಲ್ಲ, ಅವ್ವನ ಜೋಳದ ರೊಟ್ಟಿ. ಇದನ್ನು ಹೇಳಿದಾಗಲೆಲ್ಲ ನನ್ನ ಜೊತೆಯ ಶಿಕ್ಷಕಿಯರು ಬಿದ್ದುಬಿದ್ದು ನಗುತ್ತಿದ್ದರು. ನಗಲಿ. ಅವರ ಅವ್ವಂದಿರು ಬರೀ ತಿನ್ನಲಿಕ್ಕೆ ರೊಟ್ಟಿ ಬಡಿದವರು.

ಎಪ್ಪತ್ತರ ದಶಕದ ಕೊನೆಯ ಮಾತಿದು. ನಮ್ಮ ಹಳ್ಳಿ ದುಂಡಸಿಯಿಂದ ಒಂದು ಹರದಾರಿ ಒಳಗೆ, ಗುಡ್ಡದ ಬುಡದಲ್ಲಿತ್ತು. ಶಿಗ್ಗಾಂವಿಯ ಬಸ್ಸು ಹಿಡಿಯಬೇಕಾದರೆ ದುಂಡಸಿಗೆ ನಡೆಯಬೇಕು. ನಾನು ಹೈಸ್ಕೂಲು ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಕುಳಿತಿದ್ದೆ ಎನ್ನುವುದು ಸುಳ್ಳು. ಕಳೆ ಕೀಳುತ್ತಿದ್ದೆ, ಸಗಣಿ ಬಳಿಯುತ್ತಿದ್ದೆ, ಸಿಡುಕುತ್ತಿದ್ದೆ. ನನಗೆ ಆಟದ ಶಿಕ್ಷಕಿಯಾಗುವ ಹುಚ್ಚು ಹಿಡಿದಿತ್ತು. ಅದಕ್ಕೊಂದು ತರಬೇತಿ ಶಾಲೆಯಿದೆ, ಸೇರಬೇಕಾದರೆ ಬೇಸಿಗೆಯಲ್ಲಿ ಹಾನಗಲ್ಲಿನಲ್ಲಿ ಪರೀಕ್ಷೆ ನಡೆಯುತ್ತದೆ ಎಂದು ನಮ್ಮ ಹೈಸ್ಕೂಲಿನ ಆಟದ ಮಾಸ್ತರರು ಹೇಳಿದ್ದರು. ಹುಡುಗಿಯರು ಏರುತಗ್ಗಿನ ಮೂರು ಮೈಲು ದಾರಿಯನ್ನು ಅರ್ಧ ತಾಸಿನೊಳಗೆ ಓಡಿ ಮುಗಿಸಬೇಕಿತ್ತು.

ಅಪ್ಪ ಎಲೆ ಅಡಿಕೆ ಅಗಿಯುತ್ತ, "ಒಂದ ಸಲ ನೋಡು. ಸೀಟು ಸಿಕ್ಕರ ಹೋಗು. ಸಿಗಲಿಲ್ಲಂದ್ರ ಸುಮ್ಮನ ನಾವು ತೋರಿಸಿದ ಮನಿಗೆ ನಡಿ" ಎಂದ. ಬೇಕಾಬಿಟ್ಟಿ ಆಡಿದ ಮಾತಲ್ಲ ಅದು. ಅಪ್ಪ ಒಮ್ಮೆ ಹೇಳಿದ್ದನ್ನು ಬದಲಿಸಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಓಡಲು ದಾರಿಗೆ ಬರವಿರಲಿಲ್ಲ. ಹಿತ್ತಲ ಬಾಗಿಲು ದಾಟಿದರೆ ಕೆರೆಯ ಏರಿ. ಏರಿಯ ಮೇಲೆ ಐದು ವೀರಗಲ್ಲುಗಳು, ಯಾರದೋ ದನ ಬಿಡಿಸಲು ಹೋಗಿ ಸತ್ತವರವು. ಅಲ್ಲಿಂದ ದನದ ಜಾಡು ಹಿಡಿದು, ಕಲ್ಲಿನ ಹಳ್ಳ ಇಳಿದು ಹತ್ತಿ, ಕವಳಿಯ ಮುಳ್ಳುಕಂಟಿಗಳ ನಡುವೆ ಏರುತ್ತ ಹೋದರೆ ಗುಡ್ಡದ ನೆತ್ತಿಯಲ್ಲಿ ಒಂದು ಮುರಿದ ಹುಡೇವು. ಹುಡೇವು ಎಂದರೆ ಹಿಂದಿನವರು ದಂಡು ಬರುವುದನ್ನು ನೋಡಲು ಕಟ್ಟಿದ ದುಂಡನೆಯ ಕಾವಲು ಬುರುಜು. ಸವಣೂರ ನವಾಬರು ಕಟ್ಟಿಸಿದ್ದೆಂದು ಕೆಲವರು, ಅವರಿಗಿಂತ ಹಳೆಯದೆಂದು ಕೆಲವರು ಜಗಳಾಡುತ್ತಿದ್ದರು. ನನಗೆ ಅದು ಮುಟ್ಟಿ ತಿರುಗುವ ಗೋಡೆ, ಅಷ್ಟೇ. ಅಲ್ಲಿಗೆ ಹೋಗಿ ಬಂದರೆ ಸರಿಯಾಗಿ ಮೂರು ಮೈಲು ಎಂದು ಮಾಸ್ತರರೇ ನಡೆದು ನೋಡಿ ಹೇಳಿದರು.

ತೊಂದರೆ ಇದ್ದದ್ದು ಹೊತ್ತು ಅಳೆಯುವುದರಲ್ಲಿ. ನಮ್ಮ ಓಣಿಯಲ್ಲಿ ಯಾರ ಕೈಯಲ್ಲೂ ಗಡಿಯಾರವಿರಲಿಲ್ಲ. ಮಾಸ್ತರರು ತಮ್ಮದನ್ನು ಕೊಡುವಷ್ಟು ಧಾರಾಳಿಯಲ್ಲ, ಆದರೆ ಒಂದು ಬೆಳಿಗ್ಗೆ ಬಂದು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತರು. ಹೊಲಕ್ಕೆ ಹೋಗುವವರ ಬುತ್ತಿಗಾಗಿ ಅವ್ವ ದಿನಾ ನಸುಕಿನಲ್ಲಿ ಮೂವತ್ತು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟು ನಾದುವುದು, ತಟ್ಟುವುದು, ಹಂಚಿಗೆ ಹಾಕುವುದು, ನೀರು ಸವರುವುದು, ಮಗುಚುವುದು, ಎಲ್ಲ ಒಂದೇ ತಾಳದಲ್ಲಿ. ಮಾಸ್ತರರು ಗಡಿಯಾರ ನೋಡುತ್ತ ಕುಳಿತು, ಕೊನೆಗೆ ತೊಡೆ ತಟ್ಟಿದರು.

"ಯವ್ವಾ, ಅರ್ಧ ತಾಸಿಗೆ ಕರೆಕ್ಟ್ ಹದಿನೈದು ರೊಟ್ಟಿ ಆದವು ನೋಡ್ರಿ! ನಿಮ್ಮ ಕೈಗಿಂತ ಚಲೋ ಗಡಿಯಾರ ಯಾಕ ಬೇಕ್ರಿ?"

ಅವ್ವ ನಾಚಿ ಸೆರಗು ಎಳೆದುಕೊಂಡಳು. ಮಾಸ್ತರರು ಎರಡು ಬಿಸಿ ರೊಟ್ಟಿಗೆ ಕೆಂಪು ಖಾರ ಹಚ್ಚಿಸಿಕೊಂಡು ತಿಂದು ಹೋದರು.

ಅಂದಿನಿಂದ ಅದೇ ಕ್ರಮ. ಸೀಗಿ ಹುಣ್ಣಿಮೆ ಕಳೆದ ಮೇಲೆ ಶುರುಮಾಡಿದೆ. ಅಣ್ಣನ ಹಳೆಯ ಚಡ್ಡಿಯ ಮೇಲೆ ಲಂಗ, ಊರ ಅಂಚು ದಾಟಿದೊಡನೆ ಲಂಗ ಸೊಂಟಕ್ಕೆ. ಅವ್ವ ಮೊದಲ ರೊಟ್ಟಿ ತಟ್ಟಲು ಕೈಯೆತ್ತಿದಾಗ ನಾನು ಹಿತ್ತಲಿನಿಂದ ಹೊರಡಬೇಕು, ತಿರುಗಿ ಬಂದು ಬಾಗಿಲು ಬಡಿದಾಗ ಬುಟ್ಟಿಯಲ್ಲಿದ್ದುದನ್ನು ಎಣಿಸಬೇಕು. ಮೊದಲ ದಿನ ಹತ್ತೊಂಬತ್ತು. ವೀರಗಲ್ಲುಗಳ ಬಳಿ ಬರುವಾಗ ಒಂದೊಂದನ್ನೂ ಮುಟ್ಟಿ ಹಣೆಗೊತ್ತಿಕೊಳ್ಳುವುದು ನಮ್ಮಲ್ಲಿ ರೂಢಿ. ಓಡುತ್ತಲೇ ಐದಕ್ಕೂ ಕೈ ತಾಗಿಸುವುದನ್ನು ಕಲಿತೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹದಿನೇಳಾಗಿತ್ತು.

ಆಮೇಲೊಂದು ದಿನ ಹಳ್ಳದ ಕಲ್ಲಿನ ಮೇಲೆ ಜಾರಿ ಬಿದ್ದೆ. ಮೊಣಕಾಲ ಚರ್ಮ ಕಿತ್ತು ರಕ್ತ ಸುರಿಯುತ್ತ, ಕುಂಟುತ್ತ ಮನೆಗೆ ಬಂದಾಗ ಮೂವತ್ತೂ ರೊಟ್ಟಿ ಮುಗಿದು ಒಲೆ ಆರಿತ್ತು. ಅವ್ವನ ಮುಖ ಹಿಟ್ಟಿನಷ್ಟೇ ಬೆಳ್ಳಗಾಗಿತ್ತು. "ಗುಡ್ಡದಾಗ ತ್ವಾಳ ಅದಾವಂತ, ಗೊತ್ತೈತೇನ ನಿನಗ?" ಎಂದಳು. ತೋಳ ನನ್ನನ್ನು ಹಿಡಿಯಬೇಕಾದರೆ ಅದೂ ಅರ್ಧ ತಾಸಿನಲ್ಲಿ ಮೂರು ಮೈಲು ಓಡಬೇಕಲ್ಲವ್ವ ಎಂದು ನಾನು ಜಂಬ ಕೊಚ್ಚಿದೆ.

ಗಾಯ ಮಾಯ್ದ ಮೇಲೆ ನನ್ನ ಕಾಲಿಗೆ ರೆಕ್ಕೆ ಬಂದಂತಾಯಿತು. ಹದಿನಾರು, ಹದಿನಾಲ್ಕು, ಹೋಳಿಯ ಹೊತ್ತಿಗೆ ಹನ್ನೆರಡು! ನಾನು ನೆಲದ ಮೇಲೆ ನಿಲ್ಲಲಿಲ್ಲ. ಆ ದಿನಗಳಲ್ಲಿ ಬುತ್ತಿಯ ಬಗ್ಗೆ ಅಪ್ಪನ ತಕರಾರು ಹೆಚ್ಚಾಗಿತ್ತು. "ಏನ ಇದು, ದಿನಾ ಮೂರ್ನಾಲ್ಕು ರೊಟ್ಟಿ ಕರಕಲ?" ಎಂದು ಗೊಣಗುತ್ತಿದ್ದ. ಕರಕಲು ರೊಟ್ಟಿಯನ್ನು ನಾನೂ ತಿನ್ನುತ್ತಿದ್ದೆ. ಅದು ಯಾಕೆ ಕರಕಲಾಯಿತೆಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಇನ್ನೂ ಆರು ನಿಮಿಷ ಕೈಯಲ್ಲಿದೆ ಎಂದು ಕೊನೆಯ ವಾರ ಎರಡು ದಿನ ಓಡದೆ ಮಲಗಿದೆ ಕೂಡ.

ಹಾನಗಲ್ಲಿನಲ್ಲಿ ಓಟದ ದಾರಿ ಚೆಂದವಿತ್ತು. ಮಣ್ಣಿನ ಹಳೆಯ ಕೋಟೆಯ ದಿಬ್ಬಗಳನ್ನು ಒಂದಾದ ಮೇಲೊಂದು ಹತ್ತಿ ಇಳಿದು, ಒಣಗಿದ ಕಂದಕದಲ್ಲಿ ಓಡಿ, ಕೆರೆಯ ಮಗ್ಗುಲಿನಿಂದ ತಿರುಗಿ ಬರಬೇಕು. ದೂರದಲ್ಲಿ ತಾರಕೇಶ್ವರನ ಗುಡಿಯ ಶಿಖರ ಕಾಣುತ್ತಿತ್ತು. ನಾನು ಮೂವತ್ತು ಹುಡುಗಿಯರ ನಡುವೆ ಹಾಯಾಗಿ, ಹನ್ನೆರಡು ರೊಟ್ಟಿಯ ಗತ್ತಿನಲ್ಲಿ ಓಡಿದೆ. ಮುಗಿಸಿದಾಗ ಗಡಿಯಾರ ಹಿಡಿದವರು ನನ್ನ ಹೆಸರಿನ ಮುಂದೆ ಗೆರೆ ಎಳೆದರು. ಮೂವತ್ತನಾಲ್ಕು ನಿಮಿಷ.

"ನಿಮ್ಮ ಗಡಿಯಾರ ಕೆಟ್ಟೈತ್ರಿ" ಎಂದೆ.

"ಹಂಗಾರ ನಿನ್ನ ಲೆಕ್ಕದಾಗ ಎಷ್ಟವಾ?"

"ಹನ್ನೆರಡು ರೊಟ್ಟಿ!"

ಬಾಯಿಂದ ಬಂದುಬಿಟ್ಟಿತು. ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಜೊತೆಗೆ ಬಂದಿದ್ದ ನನ್ನ ಮಾಸ್ತರರು ನಗಲಿಲ್ಲ, ಆದರೆ ನನ್ನನ್ನು ನೋಡಲೂ ಇಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿಕೊಂಡು ಅತ್ತೆ.

ಮನೆಗೆ ಬಂದು ಅವ್ವನಿಗೆ ನಾನು ಹೇಳಿದ ಮಾತು ನನಗಿನ್ನೂ ನೆನಪಿದೆ, ಮರೆಯಬೇಕೆಂದರೂ ಆಗಿಲ್ಲ. "ನಿನ್ನ ಕೈಯಿಂದ ನನ್ನ ಬಾಳೇವು ಹಾಳಾತು" ಎಂದೆ. ಬೇಕೆಂದೇ ಸಾವಕಾಶ ತಟ್ಟಿ ನನ್ನನ್ನು ಖುಷಿಪಡಿಸಿದ್ದಾಳೆ ಎಂದುಕೊಂಡಿದ್ದೆ. ಅವ್ವ ಎಮ್ಮೆ ಹಿಂಡಲು ಹೋದಳು. ಅತ್ತಿಗೆ, ಅಣ್ಣನ ಹೆಂಡತಿ, ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಇಲ್ಲಿ ನಿಂದ್ರು. ಗುಡ್ಡ ನೋಡು. ಹುಡೇವು ಕಾಣತೈತೇನ?"

ಕಾಣುತ್ತಿತ್ತು. ಆಕಾಶದ ಅಂಚಿಗೆ ಅಂಗೈಯಷ್ಟು.

"ನೀ ಬಿದ್ದು ಬಂದ ದಿನದಿಂದ ಅತ್ತಿ ಎರಡ ರೊಟ್ಟಿ ಬಡಿಯೂದು, ಇಲ್ಲಿ ಬಂದು ನಿಂದ್ರೂದು. ನೀ ಹುಡೇದ ಹತ್ರ ಕಾಣೂಮಟ ಒಳಗ ಬರೋರಲ್ಲ. ಹಂಚಿನ ಮ್ಯಾಲಿನ ರೊಟ್ಟಿ ಸುಟ್ಟು ಹೊಗಿ ಎದ್ದರೂ ಖಬರಿಲ್ಲ. ನಾ ಬಡೀತೇನಿ ಅಂದ್ರ, ಬ್ಯಾಡ, ಮಾಸ್ತರು ನನ್ನ ಕೈ ಲೆಕ್ಕ ಹಾಕ್ಯಾರ ಅಂತಿದ್ರು."

ಅಂದರೆ ಕಡಿಮೆಯಾಗಿದ್ದು ನನ್ನ ಹೊತ್ತಲ್ಲ, ಅವ್ವನ ರೊಟ್ಟಿ. ನಾನು ಅಷ್ಟು ತಿಂಗಳು ಗೋಡೆ ಮುಟ್ಟಿ ತಿರುಗುವಾಗ ಒಮ್ಮೆಯೂ ಕೆಳಗೆ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. ಆದರೆ ಆ ವಯಸ್ಸಿನ ಸೊಕ್ಕು, ಹೋಗಿ ತಪ್ಪಾಯ್ತೆಂದು ಹೇಳಲು ಬಿಡಲಿಲ್ಲ.

ಮೂರನೆಯ ದಿನ ಅಪ್ಪ ಅಣ್ಣನ ಜೊತೆ ಅಂಗಳದಲ್ಲಿ ಕುಳಿತು, ತಡಸದ ಕಡೆಯ ಒಂದು ಮನೆಯ ಮಾತು ತೆಗೆದ. ಗಂಡಸರು ಮಾತಾಡುವಾಗ ಅವ್ವ ಒಳಬಾಗಿಲು ದಾಟುತ್ತಿರಲಿಲ್ಲ. ಅಂದು ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದು ನಿಂತಳು.

"ಅಕಿ ಓಡಿದ್ದು ಖರೇ ಐತ್ರಿ. ನಾ ಎಣಿಸಿದ್ದು ತಪ್ಪೈತಿ. ತಪ್ಪು ನಂದು, ಶಿಕ್ಷಾ ಅಕಿಗ್ಯಾಕ? ಇನ್ನೊಂದ ವರ್ಷ ಕೊಡ್ರಿ."

ಅಪ್ಪ ಅವಳ ಕೈಯನ್ನು ನೋಡಿದ. "ಆತು" ಎಂದ. ಅದೊಂದೇ ಸಲ ಅವನು ಮಾತು ಬದಲಿಸಿದ್ದು.

ಆ ವರ್ಷ ಅತ್ತಿಗೆ ರೊಟ್ಟಿ ಬಡಿದಳು. ಮಾಸ್ತರರು ಮತ್ತೆ ಬಂದು ಅವಳ ಕೈಯನ್ನೂ ಲೆಕ್ಕಹಾಕಿ ಎರಡು ರೊಟ್ಟಿ ತಿಂದು ಹೋದರು, ಅವಳದೂ ಹದಿನೈದೇ. ಅವ್ವ ಹಿತ್ತಲಲ್ಲಿ ರಾಜಾರೋಷವಾಗಿ ನಿಂತು ನೋಡಿದಳು. ಹದಿನೇಳರಿಂದ ಶುರುವಾದದ್ದು ಹದಿನಾರಕ್ಕೆ ಬಂದು ತಿಂಗಳುಗಟ್ಟಲೆ ಕಚ್ಚಿಕೊಂಡು ನಿಂತಿತು. ಸುಳ್ಳು ರೊಟ್ಟಿಯ ಸುಖ ಖರೇ ರೊಟ್ಟಿಯಲ್ಲಿ ಇರಲಿಲ್ಲ. ಬೈದುಕೊಂಡೆ, ಅತ್ತೆ, ಓಡಿದೆ. ಹೋಳಿಯ ಹೊತ್ತಿಗೆ ಹದಿನಾಲ್ಕಾಯಿತು. ಹಾನಗಲ್ಲಿನ ಕೋಟೆಯ ದಿಬ್ಬಗಳನ್ನು ಈ ಸಲ ಇಪ್ಪತ್ತೇಳು ನಿಮಿಷದಲ್ಲಿ ದಾಟಿ ಬಂದೆ. ಗಡಿಯಾರ ಹಿಡಿದವರು ನನ್ನ ಗುರುತು ಹಿಡಿದು, "ಎಷ್ಟ ರೊಟ್ಟಿವಾ?" ಎಂದು ಕೇಳಿದರು. ಹದಿಮೂರೂವರೆ ಎಂದೆ.

ಆಮೇಲೆ ಎಂಬತ್ತರ ದಶಕವಿಡೀ ನನ್ನದು ಓಡುವ, ಓಡಿಸುವ ಕೆಲಸ. ಸವಣೂರಿನಲ್ಲಿದ್ದಾಗ ಹುಡುಗಿಯರನ್ನು ಬೆಳಿಗ್ಗೆ ದೊಡ್ಡ ಹುಣಸೆ ಎಂದೇ ಹೆಸರಾದ ಮೂರು ದೈತ್ಯ ಮರಗಳವರೆಗೆ ಓಡಿಸುತ್ತಿದ್ದೆ. ನಾಲ್ಕೈದು ಮಂದಿ ಕೈ ಹಿಡಿದರೂ ಒಂದು ಮರ ತಬ್ಬಲು ಸಾಲುತ್ತಿರಲಿಲ್ಲ. ಹಿರೇಕೆರೂರಿನಲ್ಲಿ ಮದಗದ ಕೆರೆಯ ಗುಡ್ಡದ ಸಾಲು. ಅಲ್ಲಿದ್ದಾಗಲೇ ಶಾಲೆಗೆ ಕೊರಳಿಗೆ ಹಾಕಿಕೊಳ್ಳುವ ಸ್ಟಾಪ್‌ವಾಚ್ ಬಂತು. ದೀಪಾವಳಿಯ ರಜೆಗೆ ಅದನ್ನು ಊರಿಗೆ ತಂದು ಎಲ್ಲರ ಮುಂದೆ ಟಿಕ್ ಟಿಕ್ ಅನ್ನಿಸಿದೆ.

ಅವ್ವ ಅದನ್ನು ಕಿವಿಗೆ ಹಿಡಿದು ಕೇಳಿದಳು. "ನಾಳೆ ಓಡ್ತೀಯೇನ?" ಎಂದಳು. "ರೊಟ್ಟಿ ನಾ ಬಡೀತೇನಿ." ಅತ್ತಿಗೆ ನನ್ನ ಕಡೆ ನೋಡಿ ನಕ್ಕಳು.

ಬೆಳಿಗ್ಗೆ ಅವ್ವ ಕೈಯೆತ್ತಿದಳು, ನಾನು ಗುಂಡಿ ಒತ್ತಿ ಹೊರಟೆ. ವೀರಗಲ್ಲುಗಳಲ್ಲಿ ಒಂದು ಮಗ್ಗುಲಾಗಿತ್ತು, ಬಗ್ಗಿ ಮುಟ್ಟಿದೆ. ವೀರಗಲ್ಲುಗಳಲ್ಲಿ ಒಂದು ಮಗ್ಗುಲಾಗಿತ್ತು, ಬಗ್ಗಿ ಮುಟ್ಟಿದೆ. ಹುಡೇವಿನ ಗೋಡೆಗೆ ಕೈ ತಾಗಿಸಿದೆ. ಈ ಸಲ ತಿರುಗಿ ಓಡಲಿಲ್ಲ, ನಿಂತು ಕೆಳಗೆ ನೋಡಿದೆ. ಹೆಂಚಿನ ಮನೆಗಳ ಈಚೆಗೆ, ನಮ್ಮ ಹಿತ್ತಲಲ್ಲಿ, ಒಂದು ಹಸಿರು ಸೀರೆ ಅಲುಗಾಡದೆ ನಿಂತಿತ್ತು. ಅಡುಗೆಮನೆಯಿಂದ ಹೊಗೆ ಏಳುತ್ತಿತ್ತು. ನಾನು ಕೈ ಎತ್ತಿ ಬೀಸಿದೆ. ಅವಳೂ ಬೀಸಿದಳು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

ಬಾಗಿಲು ಬಡಿದಾಗ ಅವ್ವ ಒಲೆಯ ಮುಂದೆ ಏನೂ ಅರಿಯದವಳಂತೆ ಕುಳಿತಿದ್ದಳು. ಬುಟ್ಟಿಯಲ್ಲಿ ಅಂಚೆಲ್ಲ ಸುಟ್ಟು ಕಪ್ಪಾದ ಒಂದೇ ಒಂದು ರೊಟ್ಟಿ ಇತ್ತು. ಸ್ಟಾಪ್‌ವಾಚ್ ನಲವತ್ತೊಂದು ನಿಮಿಷ ತೋರಿಸುತ್ತಿತ್ತು.

"ಒಂದ ರೊಟ್ಟಿನಾಗ ಬಂದೆಲ್ಲವಾ!" ಎಂದಳು ಅವ್ವ.

ನಾನು ಗಡಿಯಾರವನ್ನು ಸೆರಗಿನೊಳಗೆ ಮುಚ್ಚಿಕೊಂಡೆ. "ಹೌದವ್ವ, ಒಂದ ರೊಟ್ಟಿ" ಎಂದು, ಅದನ್ನು ಮುರಿದು ಅರ್ಧ ಅವಳ ಕೈಗಿಟ್ಟೆ.